೧೯೪೨ : ಮಹಾಯುದ್ಧವು ಮಗ್ಗುಲು ಹೊರಳಿದ ವರ್ಷ
(ಭಾಷಣದ ಪಾಠ)



ಆರು ವರ್ಷ ನಡೆದ ಎರಡನೆಯ ಮಹಾಯುದ್ಧದಲ್ಲಿ ಒಂದೇ ವರ್ಷವನ್ನು ಆರಿಸಿ ಮಾತಾಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ನಾವು ೧೯೪೨ನ್ನು ಆರಿಸಿದ್ದೇವೆ. ಆ ವರ್ಷದ ಆರಂಭದಲ್ಲಿ ಜರ್ಮನಿ ಜಪಾನಗಳು ಗೆದ್ದೇಬಿಟ್ಟವೆಂದು ಎಷ್ಟೋ ಜನರು ಭಾವಿಸಿದ್ದರು. ವರ್ಷ ಮುಗಿಯುವಷ್ಟರಲ್ಲಿ ಎರಡರ ಮುನ್ನಡೆಯೂ ನಿಂತುಹೋಗಿತ್ತು. ಇದಕ್ಕೆ ವೀರರ ಪರಾಕ್ರಮವೇ ಕಾರಣವೆಂದು ಹೇಳುವ ವಾಡಿಕೆಯುಂಟು. ಪರಾಕ್ರಮವು ಉಭಯ ಪಕ್ಷಗಳಲ್ಲಿಯೂ ಇತ್ತು. ವಕೀಲಿ ವೃತ್ತಿಯವರಾದ ನಮಗೆ ಹೊಗಳಿಕೆಗಿಂತ ಲೆಕ್ಕಪತ್ರದ ಮೇಲೆ ನಂಬಿಕೆ ಹೆಚ್ಚು. ಹಡಗು, ಎಣ್ಣೆ, ಅಕ್ಕಿ ಇವುಗಳ ಲೆಕ್ಕವನ್ನೇ ತಮ್ಮ ಮುಂದಿಡುತ್ತೇವೆ.

ಫೆಬ್ರುವರಿ ೧೫ರಂದು ಸಿಂಗಾಪುರವು ಬಿದ್ದಿತು. ಅಭೇದ್ಯವೆಂದು ಹೊಗಳಿಕೊಂಡ ಆ ಕೋಟೆಯಲ್ಲಿ ಇಂಗ್ಲಿಷರು ತಮಗಿಂತ ಕಡಿಮೆ ಸಂಖ್ಯೆಯ ಜಪಾನೀ ಸೈನ್ಯಕ್ಕೆ ಶರಣಾದರು; ಸೆರೆಸಿಕ್ಕವರಲ್ಲಿ ಸುಮಾರು ೪೦,೦೦೦ ಜನರು ಭಾರತದ ಸಿಪಾಯಿಗಳು. ಮಾರ್ಚ್ ೮ರಂದು ರಂಗೂನು ಹೋಯಿತು. ಅದರೊಡನೆ ಬರ್ಮಾದ ಅಕ್ಕಿಯೂ ನಿಂತಿತು. ಮೂರೇ ದಿನಗಳ ತರುವಾಯ ಚರ್ಚಿಲ್ಲರು ಕ್ರಿಪ್ಸರನ್ನು ಭಾರತಕ್ಕೆ ಕಳಿಸುವುದಾಗಿ ಸಾರಿದರು. ಶತ್ರುವು ಬಾಗಿಲಿಗೆ ಬಂದಾಗ ಹುಟ್ಟಿದ ಔದಾರ್ಯವದು! ಡೊಮಿನಿಯನ್ ಪದವಿ ಯುದ್ಧಾನಂತರ. ಒಲ್ಲೆನೆಂದ ಪ್ರಾಂತಗಳು ಹೊರಗುಳಿಯಬಹುದು. ಅಲ್ಲಿಯವರೆಗೆ ದೇಶರಕ್ಷಣೆಯ ಅಧಿಕಾರ ಇಂಗ್ಲಿಷರ ಕೈಯಲ್ಲಿಯೇ. ಇಂಥ ಕರಾರಿಗೆ ಸಹಿ ಮಾಡೆಂದು ಯಾವ ಕಕ್ಷಿಗಾರನಿಗೂ ನಾವು ಹೇಳಲಾರೆವು. ಕಾಂಗ್ರೆಸ್ಸು ತಿರಸ್ಕರಿಸಿತು.

ಎಪ್ರಿಲ್ ೫ರಂದು ಕೊಲಂಬೊ ಬಂದರದ ಮೇಲೆ, ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀ ಬಾಂಬುಗಳು ಬಿದ್ದವು. ಕೊಲಂಬೊಕ್ಕೆ ವಿಮಾನಗಳನ್ನು ಹೊತ್ತು ತಂದ ಐದು ನೌಕೆಗಳಲ್ಲಿ ಅಕಾಗಿ, ಸೋರ್ಯು, ಹಿರ್ಯು ಎಂಬ ಮೂರು ಎರಡೇ ತಿಂಗಳಲ್ಲಿ ಶಾಂತಸಾಗರದ ತಳ ಸೇರಿದವು. ಜೂನ್ ೪ರಂದು ತೊಡಗಿದ ಮಿಡ್ವೇ ದ್ವೀಪದ ಕದನವದು. ಅಮೇರಿಕನರು ಶತ್ರುವಿನ ಗುಪ್ತಲಿಪಿಯನ್ನು ಬಹುಮಟ್ಟಿಗೆ ಬಿಡಿಸಿದ್ದರು. ಅದರಲ್ಲಿ 'ಎ. ಎಫ್.' ಎಂದು ಬರುವ ಸ್ಥಳ ಯಾವುದೆಂಬ ಸಂಶಯ ಉಳಿದಾಗ, ಮಿಡ್ವೇಯಲ್ಲಿ ಸಿಹಿನೀರಿಗೆ ತತ್ವಾರವಾಗಿದೆಯೆಂಬ ಸುಳ್ಳು ಸುದ್ದಿಯನ್ನು ರೇಡಿಯೋದಲ್ಲಿ ಬಯಲಾಗಿ ಕಳಿಸಿದರು. ಎ. ಎಫ್.ನಲ್ಲಿ ನೀರಿಲ್ಲವೆಂದು ಜಪಾನೀಯರು ತಮ್ಮವರಿಗೆ ತಿಳಿಸಿದ್ದು ಅವರ ಕಿವಿಗೆ ಬಿತ್ತು. ಸಾಕ್ಷಿದಾರನ ಬಾಯಿಂದಲೇ ಸತ್ಯವನ್ನು ಹೊರಡಿಸುವ ಪಾಟೀಸವಾಲು ಇದಕ್ಕಿಂತ ಚೆನ್ನಾದುದನ್ನು ನಾವು ಕಂಡಿಲ್ಲ. ಕಾಗಾ ಸೇರಿ ನಾಲ್ಕು ವಿಮಾನವಾಹಕಗಳು ಮುಳುಗಿದವು. ಕಳೆದ ನೌಕೆಗಳನ್ನು ಬೇಗನೆ ಮತ್ತೆ ಕಟ್ಟಬಲ್ಲ ಕಾರಖಾನೆಗಳ ಬಲ ಅಮೇರಿಕಕ್ಕಿತ್ತು, ಜಪಾನಕ್ಕಿರಲಿಲ್ಲ.

ಈಜಿಪ್ತದ ಎಲ್ ಅಲಮೈನದಲ್ಲಿ ಅಕ್ಟೋಬರ್ ೨೩ರಿಂದ ನಡೆದ ಕಾಳಗವನ್ನು ನಾವು ಬೇಗನೆ ದಾಟುತ್ತೇವೆ. ರೊಮೆಲ್ಲನ ಟ್ಯಾಂಕುಗಳಿಗೆ ಪೆಟ್ರೋಲು ತರುವ ಹಡಗುಗಳು ಭೂಮಧ್ಯ ಸಮುದ್ರದಲ್ಲಿಯೇ ಮುಳುಗುತ್ತಿದ್ದವು. ಅರ್ಧ ತೀರ್ಪು ಅಲ್ಲಿಯೇ ಆಗಿಹೋಗಿತ್ತು.

ಸ್ಟಾಲಿನ್‌ಗ್ರಾಡಿನದು ಘೋರವಾದ ಕಥೆ. ಆಗಸ್ಟ್ ೨೩ರಂದು ಜರ್ಮನರು ವೋಲ್ಗಾ ನದಿಯನ್ನು ಮುಟ್ಟಿದರು. ಬಳಿಕ ಊರೊಳಗೆ ಮನೆಮನೆಗೂ ಕಾದಾಟ. ಅವರ ಪಕ್ಕೆಗಳನ್ನು ಕಾಯುತ್ತಿದ್ದವು ಸಾಮಗ್ರಿ ಸಾಲದ ರುಮೇನಿಯದ ದಂಡುಗಳು. ನವೆಂಬರ್ ೧೯ರಂದು ರಶಿಯನರು ಆ ಪಕ್ಕೆಗಳ ಮೇಲೆಯೇ ಬಿದ್ದರು. ೨೩ರಂದು ಉರುಳು ಬಿಗಿಯಿತು. ಒಳಗೆ ಸಿಕ್ಕವರು ಸುಮಾರು ಎರಡೂವರೆ ಲಕ್ಷ. ವಿಮಾನಗಳಿಂದಲೇ ಎಲ್ಲವನ್ನೂ ಪೂರೈಸುವೆನೆಂದು ಗೋರಿಂಗನು ಹಿಟ್ಲರನಿಗೆ ಮಾತು ಕೊಟ್ಟನು. ದಿನಕ್ಕೆ ೩೦೦ ಟನ್ನಾದರೂ ಬೇಕಿದ್ದಲ್ಲಿ ಮುಟ್ಟಿದ್ದು ಸರಾಸರಿ ೧೦೦ರ ಆಸುಪಾಸು. ಸೈನಿಕರು ತಮ್ಮ ಕುದುರೆಗಳನ್ನು ಕೊಯ್ದು ತಿಂದರು. ೧೯೪೩ರ ಫೆಬ್ರುವರಿ ೨ರ ಹೊತ್ತಿಗೆ ಸೆರೆಯಾದವರು ಸುಮಾರು ೯೧,೦೦೦. ಅವರಲ್ಲಿ ತಾಯ್ನಾಡನ್ನು ಮತ್ತೆ ಕಂಡವರು ಐದಾರು ಸಾವಿರ ಮಾತ್ರ.

ಈ ಲೆಕ್ಕದ ಇನ್ನೊಂದು ಪುಟ ಭಾರತದ್ದು. ಆಗಸ್ಟ್ ೮ರ ರಾತ್ರಿ ಮುಂಬಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ಠರಾವು, ಬೆಳಗಾಗುವಷ್ಟರಲ್ಲಿ ಗಾಂಧೀಜಿ ಮೊದಲಾದವರ ಬಂಧನ, ನಮ್ಮ ನಾಡಿನ ಈಸೂರಿನ ಐವರು ೧೯೪೩ರ ಮಾರ್ಚಿನಲ್ಲಿ ಗಲ್ಲಿಗೇರಿದ್ದು, ಇವನ್ನೆಲ್ಲ ತಾವು ಬಲ್ಲಿರಿ. ಬಂಗಾಲದ ಸಂಗತಿಯನ್ನು ಮಾತ್ರ ಹೇಳಿಯೇ ಕೂಡುತ್ತೇವೆ. ಜಪಾನೀಯರು ಇಳಿದರೆ ಅವರ ಕೈಗೆ ಏನೂ ಸಿಕ್ಕಬಾರದೆಂದು ಸರಕಾರವು ೧೯೪೨ರಲ್ಲಿ ಕರಾವಳಿ ಜಿಲ್ಲೆಗಳಿಂದ ಮಿಗತೆಯೆಂದು ಕಂಡ ಅಕ್ಕಿಯನ್ನು ಸಾಗಿಸಿತು. ಹತ್ತು ಜನರನ್ನು ಹೊರಬಲ್ಲ ದೋಣಿಗಳನ್ನು ಕಸಿಯಿತು, ಎಷ್ಟನ್ನೋ ಒಡೆಯಿತು. ಹೊಳೆಗಳೇ ದಾರಿಯಾದ ಆ ಸೀಮೆಯಲ್ಲಿ ಮೀನುಗಾರನಿಗೆ ಕಸಬಿಲ್ಲ, ರೈತನಿಗೆ ಹೊಲಕ್ಕೆ ಹೋಗಲು ಹಾದಿಯಿಲ್ಲ. ಅಕ್ಟೋಬರ್ ೧೬ರ ಚಂಡಮಾರುತವು ಮಿದನಾಪುರದ ಪೈರನ್ನು ಕೊಚ್ಚಿತು. ಅಕ್ಕಿಯ ಬೆಲೆ ಏರುತ್ತಲೇ ಹೋಯಿತು. ೧೯೪೩ರ ಕ್ಷಾಮದಲ್ಲಿ ಸತ್ತವರು ಸರಕಾರೀ ವಿಚಾರಣಾ ಆಯೋಗದ ಎಣಿಕೆಯಲ್ಲಿ ಸುಮಾರು ೧೫ ಲಕ್ಷ, ತರುವಾಯದ ವಿದ್ವಾಂಸರ ಎಣಿಕೆಯಲ್ಲಿ ೩೦ ಲಕ್ಷದವರೆಗೆ. ಜಪಾನೀಯರು ಆ ಕರಾವಳಿಯಲ್ಲಿ ಇಳಿಯಲೇ ಇಲ್ಲ.