ಹಾಡು ಎಲ್ಲಿ ಹೋಯಿತು?

(ವಾಸ್ಕೋದಲ್ಲಿ ಕನ್ನಡ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ನಡೆದ ಒಂದು ಸಣ್ಣ ಸಂಗತಿಯಿಂದ ಆರಂಭಿಸುತ್ತೇನೆ. ಮಕ್ಕಳ ಗಾಯನ ಮಂಡಲಿಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಎರಡು ಸಾಲು ಒಬ್ಬಳೇ ಹಾಡಬೇಕಾಗಿತ್ತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಾಗಲೂ ಹಾಡುತ್ತಿದ್ದ ಮಗು ಅದು. ಹಾರ್ಮೋನಿಯಂ ಶ್ರುತಿ ಕೊಟ್ಟಿತು. ಮಗು ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಎರಡನೆಯ ಸಲ ಶ್ರುತಿ ಕೊಟ್ಟರು. ಆಗಲೂ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕಟ್ಟಡದ ಕೆಲಸದಿಂದ ನೇರವಾಗಿ ಬಂದು ಬಾಗಿಲ ಬಳಿ ನಿಂತಿದ್ದ ತಂದೆ ತಲೆ ತಗ್ಗಿಸಿ ಹೊರಗೆ ಹೋದರು. ಮುಂದೆ ಮೂರು ಭಾನುವಾರ ಆ ಮಗು ಸಂಡೇ ಸ್ಕೂಲಿಗೆ ಬರಲಿಲ್ಲ.

ನಾನು ಅವರ ಮನೆಗೆ ಹೋದೆ. "ಎಲ್ಲಾರೂ ನನ್ನ ನೋಡಾಕತ್ತಿದ್ರು. ಹಾಡು ಎಲ್ಲಿ ಹೋತೋ ಗೊತ್ತಾಗ್ಲಿಲ್ಲ" ಎಂದಳು.

ಹಾಡು ಎಲ್ಲಿಗೂ ಹೋಗಿರಲಿಲ್ಲ. ನೂರು ಕಣ್ಣುಗಳು ಒಮ್ಮೆಲೇ ಮೇಲೆ ಬಿದ್ದಾಗ ಅಪಾಯ ಬಂತೆಂದೇ ಶರೀರ ತಿಳಿಯುತ್ತದೆ. ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಗಂಟಲು ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ. ಓಡುವುದಕ್ಕೆ ಇದು ಒಳ್ಳೆಯದು, ಹಾಡುವುದಕ್ಕಲ್ಲ. ಇದು ಹಟವೂ ಅಲ್ಲ, ದಡ್ಡತನವೂ ಅಲ್ಲ. ನಮ್ಮ ಮಕ್ಕಳಿಗೆ ಇನ್ನೊಂದು ಭಾರವೂ ಉಂಟು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಹಿಂದಿ, ಶಾಲೆಯಲ್ಲಿ ಮತ್ತೊಂದು ಭಾಷೆ. ಒಂದು ಮಾತು ತಪ್ಪಿದರೆ ನಗುವವರು ಎಲ್ಲೆಲ್ಲೂ ಇದ್ದಾರೆ. ದೇವಾಲಯದಲ್ಲಾದರೂ ನಗುವವರು ಇರಬಾರದಾಗಿತ್ತು.

ನಾವು ದುಡಿಯಲು ಬಂದಿರುವ ಈ ಗೋವಾ ಸಂಗೀತದ ನಾಡು. ಪೋರ್ಚುಗೀಸರ ಕಾಲದಿಂದ ಇಲ್ಲಿಯ ಚರ್ಚು ಶಾಲೆಗಳಲ್ಲಿ ಮೇಸ್ತ್ರಿ ಎಂಬ ಸಂಗೀತದ ಗುರುವು ಹಳ್ಳಿಯ ಮಕ್ಕಳಿಗೆ ಸ್ವರ ಓದುವುದನ್ನೂ ಪಿಟೀಲು ನುಡಿಸುವುದನ್ನೂ ಕಲಿಸುತ್ತಿದ್ದನು. ಮಜೋರ್ಡಾ ಊರಿನಲ್ಲಿ 1927ರಲ್ಲಿ ಹುಟ್ಟಿದ ಆಂಥನಿ ಗೊನ್ಸಾಲ್ವಿಸ್ ಅವರ ತಂದೆ ಅಲ್ಲಿಯ ಚರ್ಚಿನ ಗಾಯನ ಮಂಡಲಿಯನ್ನು ನಡೆಸುತ್ತಿದ್ದರು. ಆ ಮಗನೇ ಮುಂದೆ ಮುಂಬಯಿಯ ಚಿತ್ರ ಸಂಗೀತದಲ್ಲಿ ಹೆಸರಾಗಿ ಪ್ಯಾರೇಲಾಲರಂಥವರಿಗೆ ಪಿಟೀಲು ಕಲಿಸಿದರು. ಇಂಥವರು ಮೊದಲ ದಿನವೇ ಸಾವಿರ ಜನರ ಮುಂದೆ ನಿಂತವರಲ್ಲ. ದಿನದಿನದ ಅಭ್ಯಾಸ, ಗುಂಪಿನ ಆಸರೆ, ಆ ಮೇಲೆ ಸಭೆ.

ನಾವೂ ಹಾಗೆಯೇ ಮಾಡೋಣ. ಮಗು ಮೊದಲು ತಾಯಿಯ ಮುಂದೆ ಹಾಡಲಿ, ಬಳಿಕ ನೆರೆಮನೆಯವರ ಮುಂದೆ, ಬಳಿಕ ಖಾಲಿ ದೇವಾಲಯದಲ್ಲಿ ನಿಂತು ಹಾಡಲಿ. ಒಬ್ಬಳೇ ಹಾಡುವ ಮುಂಚೆ ಗೆಳತಿಯ ಜೊತೆಗೆ ಹಾಡಲಿ. ಹಾಡುವ ಮೊದಲು ಮೆಲ್ಲಗೆ ಉದ್ದವಾಗಿ ಉಸಿರು ಬಿಡುವುದನ್ನು ಕಲಿಸಿರಿ. ಸ್ವರ ನಿಂತರೆ ಮಂಡಲಿಯೆಲ್ಲ ಸೇರಿ ಆ ಸಾಲನ್ನು ಎತ್ತಿಕೊಳ್ಳಲಿ. ಮನೆಗೆ ಬಂದ ಮೇಲೆ "ಮಾನ ಕಳೆದೆ" ಎನ್ನಬೇಡಿರಿ.

ಮೋಶೆಯು ತನ್ನ ನಾಲಿಗೆ ಮಂದವೆಂದು ಹಿಂಜರಿದಾಗ ದೇವರು ಅವನನ್ನು ಬಿಟ್ಟುಬಿಡಲಿಲ್ಲ. ಅಣ್ಣನಾದ ಆರೋನನನ್ನು ಜೊತೆಗೆ ಕೊಟ್ಟನು. ಇದನ್ನು ಆ ತಂದೆಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಹಾಜರಿ ಪುಸ್ತಕದಾಗ ನಂದು ಎರಡು ದಿನ ಕಡಿಮಿ ಬರದಿದ್ರು. ಮುಕಾದಮನ ಮುಂದ ನನಗೂ ಬಾಯಿ ಬರಲಿಲ್ರೀ. ಮಗಳಿಗೆ ಹೆಂಗ ಬೈಲಿ?" ಎಂದರು.

ಸಹೋದರರೇ, ನಮ್ಮಲ್ಲಿ ಎಷ್ಟು ಮಂದಿಯ ಗಂಟಲು ಹೀಗೆ ಕಟ್ಟಿದೆ! ಮರುವಾರ ನಾವು ಮೂವರು ಅವರ ಜೊತೆಗೆ ಹೋಗಿ ಪಕ್ಕದಲ್ಲಿ ನಿಂತೆವು. ಮಾತಾಡಿದವರು ಅವರೇ. ಎರಡು ದಿನದ ಕೂಲಿ ಬಂತು.

ಈಸ್ಟರ್ ಹಬ್ಬದಂದು ಆ ಮಗು ಗೆಳತಿಯ ಕೈ ಹಿಡಿದು ಹಾಡಿತು. ಸ್ವರ ಸಣ್ಣದು, ಆದರೆ ಬಾಗಿಲವರೆಗೆ ಕೇಳಿಸಿತು. ತಂದೆ ಅಲ್ಲಿಯೇ ನಿಂತಿದ್ದರು. ಅವಳು ಇನ್ನೂ ಒಬ್ಬಳೇ ಹಾಡಿಲ್ಲ. ಅವಸರವೇನೂ ಇಲ್ಲ. ಅಲ್ಲಿಯ ತನಕ ಪಕ್ಕದಲ್ಲಿ ನಿಲ್ಲುವ ಕೆಲಸ ನಮ್ಮದು.