ಸಾರಾಂಶದಲ್ಲಿ ಸಿಗದ ಹುಲಿಯ

ಮೊನ್ನೆ ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಮೊಬೈಲ್ ಹಿಡಿದು ಕೂತಿದ್ದಳು. ‘ತಾತ, ಮಲೆಗಳಲ್ಲಿ ಮದುಮಗಳು ಐದೇ ನಿಮಿಷಕ್ಕೆ ಮುಗೀತು’ ಅಂದಳು. ಒಂಟಿಕೊಪ್ಪಲಿನ ನಮ್ಮ ಕುವೆಂಪು 1967ರಲ್ಲಿ ಕೊಟ್ಟ ಅಷ್ಟು ದಪ್ಪ ಕಾದಂಬರಿ, ಐದು ನಿಮಿಷಕ್ಕೆ! ಬೈಯಲಿಲ್ಲ. ಗೈಡು ಓದಿ ಪಾಸಾದವರ ಪೈಕಿ ನಾನೂ ಒಬ್ಬ.

‘ಗುತ್ತಿಯ ನಾಯಿ ಏನಾಯ್ತು?’ ಅಂತ ಕೇಳಿದೆ.

‘ನಾಯೀನಾ?’

ಬೆರಳು ಪರದೆಯ ಮೇಲೆ ಎರಡು ಸಲ ಮೇಲೆ ಕೆಳಗೆ ಓಡಾಡಿತು. ನಾಯಿ ಹುಲಿಯ ಅಲ್ಲಿರಲಿಲ್ಲ. ಕಥೆಯುದ್ದಕ್ಕೂ ಗುತ್ತಿಯ ಬೆನ್ನು ಬಿಡದೆ ಬಂದು, ಕೊನೆಗೆ ಉಕ್ಕುವ ತುಂಗೆಯ ಪಾಲಾದ ಆ ನಾಯಿಗೆ ಸಾರಾಂಶದಲ್ಲಿ ಒಂದು ಸಾಲಿನ ಜಾಗವೂ ಸಿಕ್ಕಿರಲಿಲ್ಲ.

ಹಾಗಂತ ಅಂತರ್ಜಾಲವೇ ಬೇಡ ಅನ್ನುವವನಲ್ಲ ನಾನು. ಕುಮಾರವ್ಯಾಸನ ಪದ ತೊಡರಿದರೆ ‘ಭಾರತವಾಣಿ’ಯ ನಿಘಂಟುಗಳನ್ನು ತಡಕುತ್ತೇನೆ. ನಮ್ಮ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನವೇ 2016ರಲ್ಲಿ ಅದನ್ನು ತೆರೆದದ್ದು. ಗಮಕದಲ್ಲಿ ಕಾವ್ಯ ಹಾಡುವಾಗಲೂ ವ್ಯಾಖ್ಯಾನ ಇದ್ದೇ ಇರುತ್ತದಲ್ಲ. ಆದರೆ ಪದ್ಯ ಮೊದಲು ಕಿವಿಗೆ ಬೀಳಬೇಕು, ಅರ್ಥ ಆಮೇಲೆ.

ನಿನ್ನೆ ಕಪಾಟಿನ ಪುಸ್ತಕ ಊಟದ ಮೇಜಿಗೆ ಇಳಿದಿತ್ತು. ನಲವತ್ತನೇ ಪುಟದಲ್ಲಿ ಸಿಟಿ ಬಸ್ಸಿನ ಟಿಕೆಟ್ಟೊಂದು ಗುರುತಿಗೆ.