ಫೀಸು ಕೇಳುವ ವಿದ್ಯೆ



ಬೆಳಗಿನ ಐದೂವರೆಗೆ ನಮ್ಮ ಬಡಾವಣೆಯ ಪಾರ್ಕಿಗೆ ಒಬ್ಬ ಯುವಕ ಬರುತ್ತಾನೆ. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದವನು. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ವ್ಯಾಯಾಮ ಹೇಳಿಕೊಡುವುದು ಅವನ ವೃತ್ತಿ. ‘ಪರ್ಸನಲ್ ಟ್ರೇನರ್’ ಎನ್ನುತ್ತಾರಲ್ಲ, ಅದು. ನಿವೃತ್ತ ಅಧಿಕಾರಿಯೊಬ್ಬರ ಮಂಡಿ, ಕಂಪ್ಯೂಟರ್ ಮುಂದೆ ಕೂತು ಕೂತು ಬಿಗಿದುಕೊಂಡ ಇನ್ನೊಬ್ಬರ ಬೆನ್ನು, ಹೀಗೆ ಎಲ್ಲರ ನೋವನ್ನೂ ವಿಚಾರಿಸಬಲ್ಲ ಈತನಿಗೆ ಬಾರದೆ ಇದ್ದ ಮಾತು ಒಂದೇ: “ಸಾರ್, ಈ ತಿಂಗಳ ಫೀಸು?”

ಅವನ ಕಷ್ಟ ನನಗೆ ಚೆನ್ನಾಗಿ ಗೊತ್ತು. ಬಿ.ಎಸ್ಸಿ. ಓದುವಾಗ ನಾನೂ ಮನೆಪಾಠ ಹೇಳುತ್ತಿದ್ದೆ. ಒಂದು ಮನೆಯಿಂದ ಮೂರು ತಿಂಗಳ ಭೌತಶಾಸ್ತ್ರದ ಹಣ ಇಂದಿಗೂ ಬರಬೇಕಾಗಿದೆ. ಕಾಫಿ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ನಿಮ್ಮಲ್ಲಿ ಅನೇಕರು ನಾಳೆ ಇಂಥದೇ ಸ್ವಂತ ಕಸುಬು ಹಿಡಿಯುವವರು. ಆದ್ದರಿಂದ ಹಣ ಪಡೆಯುವ ದಾರಿಯನ್ನು ಕುರಿತು ಸ್ವಲ್ಪ ಯೋಚಿಸೋಣ. ನಗದೋ, ಚೆಕ್ಕೋ, ಫೋನೋ ಎಂಬುದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಹಣ ಯಾವಾಗ ಬರಬೇಕು ಎಂಬುದು.

ಒಂದು ಲೆಕ್ಕ ನೋಡಿ. ಒಂದು ತರಗತಿಗೆ 400 ರೂಪಾಯಿ, ತಿಂಗಳಿಗೆ 12 ತರಗತಿ. ಒಬ್ಬರಿಂದ 4,800 ರೂಪಾಯಿ. ಇಂಥ ಐದು ಜನರಿದ್ದರೆ 24,000. ಕಾಗದದ ಮೇಲೆ ಚೆಂದವಾಗಿದೆ. ಆದರೆ ತಿಂಗಳ ಕೊನೆಗೆ ಕೇಳಲು ಹೋದಾಗ ಒಬ್ಬರು ಊರಿನಲ್ಲಿರುವುದಿಲ್ಲ. ಇನ್ನೊಬ್ಬರು “ಹನ್ನೆರಡಲ್ಲ ಕಣಪ್ಪಾ, ಒಂಬತ್ತೇ ದಿನ ಬಂದಿದ್ದು” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಲಗಿಬಿಟ್ಟ ಮೂರು ದಿನಗಳನ್ನು ಅವರು ಎಣಿಸಿಲ್ಲ. ಆ ಮೂರು ದಿನವೂ ಈ ಹುಡುಗ ಪಾರ್ಕಿನಲ್ಲಿ ಕಾದು ನಿಂತಿದ್ದನಲ್ಲ, ಅದನ್ನು ಅವನೂ ಹೇಳಲಾರ.

ಹಾಗಾದರೆ ದಿನದಿನವೇ ಪಡೆಯಬಹುದೇ? ಬಾಕಿ ಉಳಿಯುವುದಿಲ್ಲ ನಿಜ. ಆದರೆ ಮಳೆ ಬಂದ ದಿನ ಗಿರಾಕಿಯೂ ಇಲ್ಲ, ಹಣವೂ ಇಲ್ಲ. ಹೀಗಾಗಿ ಈ ಕಸುಬಿನವರು ಬಹುಮಟ್ಟಿಗೆ ಮುಂಗಡವನ್ನೇ ಇಷ್ಟಪಡುತ್ತಾರೆ. ಹತ್ತೋ ಹನ್ನೆರಡೋ ತರಗತಿಗಳಿಗೆ ಮೊದಲೇ ಹಣ. ಕೊಟ್ಟವರಿಗೂ ಬೆಳಿಗ್ಗೆ ಏಳುವ ಹಟ ಬರುತ್ತದೆ.

ನನ್ನ ಮಟ್ಟಿಗೂ ಇದೇ ಸರಿ. ಆದರೆ ಇಲ್ಲೊಂದು ಗುಂಡಿಯಿದೆ. ಮುಂಗಡವಾಗಿ ಬಂದ 4,800 ರೂಪಾಯಿ ಆ ದಿನ ನಿಮ್ಮದಲ್ಲ. ಐದು ತರಗತಿ ಮುಗಿದ ಮೇಲೆ 2,000 ನಿಮ್ಮದು. ಉಳಿದ 2,800 ನೀವು ತೀರಿಸಬೇಕಾದ ಸಾಲ. ಆರನೆಯ ದಿನ ಗಿರಾಕಿಗೆ ಮಂಡಿ ಊದಿಕೊಂಡು ವೈದ್ಯರು ‘ವ್ಯಾಯಾಮ ಬೇಡ’ ಎಂದರೆ ಆ ಹಣ ಹಿಂತಿರುಗಬೇಕು. ಅದು ಆಗಲೇ ಬೈಕಿನ ಕಂತಿಗೆ ಹೋಗಿದ್ದರೆ? ನಮ್ಮ ಯುವಕನಿಗೆ ಹಾಗೆಯೇ ಆಯಿತು. ತಮ್ಮನ ಕಾಲೇಜಿನ ಫೀಸಿಗೆ ಮುಂಗಡವೆಲ್ಲ ಖರ್ಚಾಗಿತ್ತು. ಕೈಸಾಲ ಮಾಡಿ ಹಿಂತಿರುಗಿಸಿದ. ಅಂದಿನಿಂದ ಕಸುಬಿನ ಹಣಕ್ಕೇ ಬೇರೊಂದು ಬ್ಯಾಂಕ್ ಖಾತೆ ಇಟ್ಟಿದ್ದಾನೆ. ತರಗತಿ ಮುಗಿದಷ್ಟನ್ನೇ ಮನೆಯ ಖರ್ಚಿಗೆ ತೆಗೆಯುತ್ತಾನೆ.

ಇನ್ನು ದಾರಿಗಳ ಮಾತು. ಚೆಕ್ ಈಗ ಇಂಥ ಸಣ್ಣ ಮೊತ್ತಕ್ಕೆ ಅಪರೂಪ, ಬಿಡಿ. ನಗದು ಇನ್ನೂ ಇದೆ, ಇರಲಿ. ವಯಸ್ಸಾದವರು ಲಕೋಟೆಯಲ್ಲಿ ಇಟ್ಟು ಕೊಟ್ಟರೆ ‘ಫೋನಿನಲ್ಲೇ ಕಳಿಸಿ’ ಎಂದು ಹಟ ಹಿಡಿಯಬೇಡಿ. ಒಂದು ರಸೀದಿ ಬರೆದುಕೊಡಿ, ಅರ್ಧ ಪ್ರತಿ ನಿಮ್ಮಲ್ಲಿರಲಿ. ಕಾರ್ಡಿನ ಮೂಲಕ ಪಡೆದರೆ ಯಂತ್ರ ಕೊಟ್ಟವರು ಶೇಕಡಾವಾರು ಶುಲ್ಕ ಮುರಿದುಕೊಳ್ಳುತ್ತಾರೆ. ಒಂಟಿ ಮನುಷ್ಯನ ಕಸುಬಿಗೆ ಅದು ಭಾರ.

ಯುಪಿಐ 2016ರಲ್ಲಿ ಬಂತು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕ್ಷಣದಲ್ಲಿ ದಾಟುತ್ತದೆ, ತಾರೀಕು ವೇಳೆ ಸಹಿತ ದಾಖಲೆ ತಾನಾಗಿಯೇ ಉಳಿಯುತ್ತದೆ. 2020ರಿಂದ ತಿಂಗಳು ತಿಂಗಳು ತಾನೇ ಸಂದಾಯವಾಗುವ ‘ಆಟೋಪೇ’ ಏರ್ಪಾಡೂ ಇದೆ. ಗಿರಾಕಿ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು, ಬೇಡವಾದಾಗ ರದ್ದು ಮಾಡಬಹುದು. ಕೇಳುವ ಸಂಕೋಚವೇ ಇಲ್ಲ! ಆದರೆ ಎರಡು ಎಚ್ಚರ. ಗಿರಾಕಿಯ ಫೋನಿನಲ್ಲಿ ಕಾಣುವ ಹಸಿರು ಗುರುತನ್ನು ನಂಬಬೇಡಿ, ನಿಮ್ಮ ಖಾತೆಯನ್ನು ನೋಡಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಒತ್ತು ಎಂದು ಯಾರಾದರೂ ಹೇಳಿದರೆ ನಿಮ್ಮ ಹಣ ಹೊರಟಿತೆಂದೇ ಅರ್ಥ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ ‘ನಗದು ಮಾತ್ರ’ ಎಂಬ ಬರಹ ಬಂತು. ನಮ್ಮ ಯುವಕನೂ ಹೆದರಿ ಓಡಿಬಂದ. ಕುಳಿತು ಲೆಕ್ಕ ಹಾಕಿದೆವು. ಸೇವೆ ಒದಗಿಸುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಅವನದು 24,000ದಂತೆ ವರ್ಷಕ್ಕೆ 2,88,000. ಭಯವೇಕೆ? ಅಲ್ಲದೆ ನಗದಾಗಿ ಬಂದದ್ದೂ ವಹಿವಾಟೇ. ಹಣ ಬಂದ ದಾರಿಯಿಂದ ಜಿಎಸ್‌ಟಿ ಬದಲಾಗುವುದಿಲ್ಲ. ಅಕ್ಕ ಕಳಿಸಿದ ಹಬ್ಬದ ಹಣ, ಗೆಳೆಯ ಹಿಂತಿರುಗಿಸಿದ ಸಾಲ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಮಾತ್ರ ಯಾವುದು ಸಂಪಾದನೆ ಎಂದು ವಿವರಿಸುವುದು ಪ್ರಯಾಸ. ಅವನ ಬೇರೆ ಖಾತೆ ಅಲ್ಲಿಯೂ ಉಪಯೋಗಕ್ಕೆ ಬಂತು.

ಈಗ ಅವನು ಹೊಸಬರಿಗೆ ಮೊದಲ ದಿನವೇ ಒಂದು ಚೀಟಿ ಕೊಡುತ್ತಾನೆ. ಹನ್ನೆರಡು ತರಗತಿಗೆ ಮುಂಗಡ ಇಷ್ಟು. ಹಿಂದಿನ ರಾತ್ರಿ ಎಂಟರೊಳಗೆ ಬರುವುದಿಲ್ಲವೆಂದು ತಿಳಿಸಿದರೆ ಆ ದಿನ ಲೆಕ್ಕಕ್ಕಿಲ್ಲ, ತಿಳಿಸದಿದ್ದರೆ ಉಂಟು. ಕಾಯಿಲೆಯಾದರೆ ಉಳಿದ ಹಣ ವಾಪಸು. ಜೊತೆಗೆ ಹನ್ನೆರಡು ಮನೆಗಳ ಒಂದು ಸಣ್ಣ ಕಾರ್ಡು. ತರಗತಿ ಮುಗಿದಾಗ ಇಬ್ಬರೂ ಅದರಲ್ಲಿ ಗುರುತು ಹಾಕಬೇಕು.

ಮೊನ್ನೆ ಆ ನಿವೃತ್ತ ಅಧಿಕಾರಿಗಳು ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು, “ಗುರುವಾರದ್ದು ಹಾಕಿಲ್ಲವಲ್ಲಪ್ಪಾ, ಉಳಿದಿರುವುದು ಎರಡಲ್ಲ, ಒಂದೇ” ಎಂದು ತಾವೇ ಗುರುತು ಹಾಕಿ, ಮುಂದಿನ ತಿಂಗಳ ಲಕೋಟೆಯನ್ನು ಅಲ್ಲೇ ಕೊಟ್ಟರು.